ಅಂಗಡಿಯ ಬಾಗಿಲು ಮತ್ತು ಸಿಪಾಯಿಯ ಅಂಗಿ

ಬೆಂಗಳೂರು, ಮೈಸೂರು, ಮಂಡ್ಯ ಕಡೆಯ ಬೀದಿಗಳಲ್ಲಿ ‘ಮಿಲಿಟರಿ ಹೋಟೆಲ್’ ಎಂಬ ಬೋರ್ಡನ್ನು ನೋಡದವರು ಯಾರಿದ್ದಾರೆ? ಅಲ್ಲಿ ಮುದ್ದೆ ಸಿಗುತ್ತದೆ, ಮಾಂಸದ ಸಾರು ಸಿಗುತ್ತದೆ. ಮಿಲಿಟರಿಯವರು ಮಾತ್ರ ಸಿಗುವುದು ಅಪರೂಪ. ಈ ಹೆಸರು ಹೇಗೆ ಬಂತು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳ್ತಾರೆ. ಅದು ಹೇಗೇ ಇರಲಿ, ಬೋರ್ಡಿನ ಅರ್ಥ ಎಲ್ಲರಿಗೂ ಗೊತ್ತು. ಮಾಂಸ ತಿನ್ನುವವನಿಗೆ ಇಲ್ಲಿ ಜಾಗ ಇದೆ ಎಂದು ಅದರ ಅರ್ಥ. ಅದೇ ಊರುಗಳಲ್ಲಿ ಇನ್ನೊಂದು ಬಗೆಯ ಬೋರ್ಡೂ ಇತ್ತು. ಸ್ವಾತಂತ್ರ್ಯಕ್ಕೆ ಮುಂಚೆ ದಕ್ಷಿಣದ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೇ ಬೇರೆ ಕೋಣೆ, ಉಳಿದವರಿಗೇ ಬೇರೆ ಕೋಣೆ. ಹೊಲೆಯ ಮಾದಿಗರಿಗೆ ಯಾವ ಕೋಣೆಯೂ ಇಲ್ಲ. ಅವರಿಗೆ ಇದ್ದದ್ದು ಹೊರಗಿನ ಜಗಲಿ, ತೆಂಗಿನ ಚಿಪ್ಪು, ಎತ್ತರದಿಂದ ಹುಯ್ಯುವ ನೀರು.

ಬಾಗಿಲಲ್ಲಿ ನಿಂತು ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸುವ ಹಕ್ಕು ಅಂಗಡಿಯವನಿಗೆ ಎಲ್ಲಿಂದ ಬಂತು? ಇದು ಹಳೆಯ ಪ್ರಶ್ನೆ. ನಾವು ಈ ಬರಹದಲ್ಲಿ ಆ ಪ್ರಶ್ನೆಯ ಒಂದೇ ಒಂದು ಎಳೆಯನ್ನು ಹಿಡಿದುಕೊಂಡು ಹೋಗುತ್ತೇವೆ. ಅಂಗಡಿಯವನು ಒಬ್ಬ ಸೈನಿಕನಿಗೆ ‘ನಿನಗೆ ಇಲ್ಲಿ ಜಾಗ ಇಲ್ಲ’ ಎನ್ನಬಹುದೇ? ದೇಶಭಕ್ತಿಯ ಭಾಷಣ ಮಾಡುವವರು ‘ಛೆ, ಎಲ್ಲಾದರೂ ಉಂಟೇ!’ ಎಂದು ತಕ್ಷಣ ಹೇಳಿಬಿಡುತ್ತಾರೆ. ಅಷ್ಟು ಅವಸರ ಬೇಡ. ಇತಿಹಾಸವನ್ನು ಸ್ವಲ್ಪ ಕೆದಕಿ ನೋಡೋಣ. ಬಾಗಿಲಲ್ಲಿ ತಡೆಸಿಕೊಂಡ ಸೈನಿಕರಲ್ಲಿ ಎರಡು ಬಗೆ. ಒಬ್ಬನನ್ನು ತಡೆದದ್ದು ಅವನು ತೊಟ್ಟ ಅಂಗಿಗಾಗಿ. ಇನ್ನೊಬ್ಬನನ್ನು ತಡೆದದ್ದು ಅಂಗಿಯೊಳಗಿನ ಮೈಗಾಗಿ. ಕಾನೂನು ಮೊದಲನೆಯವನಿಗೆ ಬೇಗ ಓಗೊಟ್ಟಿತು. ಎರಡನೆಯವನು ಬಹಳ ಕಾಲ ಹೊರಗೇ ನಿಂತಿದ್ದ.

*

ಮೊದಲು ಅಮೆರಿಕಕ್ಕೆ ಹೋಗೋಣ. ಯಾಕೆ ಅಮೆರಿಕ ಅಂತ ಕೇಳಬಹುದು. ಅಂಗಡಿಯ ಬಾಗಿಲಿನ ಜಗಳ ಅಲ್ಲಿ ಕಾನೂನಿನ ಪುಸ್ತಕದವರೆಗೂ ಹೋಗಿ ಬಿದ್ದಿದೆ ಎಂಬುದು ಒಂದು ಕಾರಣ. ಅಲ್ಲಿನ ಕಪ್ಪು ಜನರ ಹೋರಾಟಕ್ಕೂ ನಮಗೂ ಕರುಳ ಸಂಬಂಧ ಇದೆ ಎಂಬುದು ಇನ್ನೊಂದು ಕಾರಣ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡು ಬೋಯ್ಸ್ ಅವರಿಗೆ ಪತ್ರ ಬರೆದು, ನಿಮ್ಮ ಸ್ಥಿತಿಗೂ ನಮ್ಮ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆ ಇದೆ ಎಂದು ತಿಳಿಸಿದ್ದರು. 1972ರಲ್ಲಿ ಮುಂಬಯಿಯ ದಲಿತ ಯುವಕರು ತಮ್ಮ ಸಂಘಟನೆಗೆ ‘ದಲಿತ ಪ್ಯಾಂಥರ್ಸ್’ ಎಂಬ ಹೆಸರನ್ನು ತೆಗೆದುಕೊಂಡದ್ದು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್‌ಗಳಿಂದ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಊರುಗಳಲ್ಲಿ ಸಾಮಾನ್ಯ ಸಿಪಾಯಿ, ನಾವಿಕ ಅಂದರೆ ಕುಡುಕ, ಪುಂಡ ಎಂಬ ಭಾವನೆ ಇತ್ತು. ಯುದ್ಧ ಬಂದಾಗ ವೀರ, ಯುದ್ಧ ಮುಗಿದ ಮೇಲೆ ಪೋಕರಿ! ನಾಟಕಶಾಲೆ, ನೃತ್ಯಶಾಲೆಗಳಲ್ಲಿ ಸಮವಸ್ತ್ರ ತೊಟ್ಟವನನ್ನು ಒಳಗೆ ಬಿಡುತ್ತಿರಲಿಲ್ಲ. ಅಧಿಕಾರಿಗೆ ಅಡ್ಡಿಯಿಲ್ಲ, ಸಿಪಾಯಿಗೆ ಅಡ್ಡಿ. ವರ್ಗಭೇದ ಅಂದರೆ ಇದೇ ಅಲ್ಲವೇ? 1906ರಲ್ಲಿ ನ್ಯೂಪೋರ್ಟ್ ಎಂಬ ಊರಿನ ನೃತ್ಯಶಾಲೆಯೊಂದು ಫ್ರೆಡ್ ಬುವೆಂಜ್ಲ್ ಎಂಬ ನಾವಿಕನನ್ನು ಸಮವಸ್ತ್ರದ ಕಾರಣಕ್ಕೆ ಹೊರಗೇ ನಿಲ್ಲಿಸಿತು. ಅವನು ಸುಮ್ಮನೆ ಕೂರಲಿಲ್ಲ, ಕೋರ್ಟಿಗೆ ಹೋದ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸ್ವಂತ ಜೇಬಿನಿಂದ 100 ಡಾಲರ್ ಕೊಟ್ಟು ಅವನ ಬೆನ್ನಿಗೆ ನಿಂತರು. ಆದರೂ ಮೊಕದ್ದಮೆ ಬಿತ್ತು.

ಆದರೆ ಆ ಕೂಗು ಸಂಸತ್ತಿಗೆ ಮುಟ್ಟಿತು. 1911ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ರಾಜಧಾನಿ ವಾಷಿಂಗ್ಟನ್‌ನಲ್ಲಿ ಮತ್ತು ಕೇಂದ್ರದ ನೇರ ಆಡಳಿತದ ಪ್ರದೇಶಗಳಲ್ಲಿ ನಾಟಕಶಾಲೆ ಮುಂತಾದ ಮನರಂಜನೆಯ ಜಾಗಗಳ ಮಾಲೀಕರು ಸೈನ್ಯದ ಸಮವಸ್ತ್ರ ತೊಟ್ಟವನಿಗೆ ಆ ಸಮವಸ್ತ್ರದ ಕಾರಣದಿಂದ ಭೇದ ಮಾಡಿದರೆ ದಂಡ ಎಂದಿತು. ಸಮವಸ್ತ್ರದ ಮಾನ ಕಾಪಾಡುವುದೇ ಅದರ ಉದ್ದೇಶ. ಅಮೆರಿಕದ ಕಾನೂನು ಪುಸ್ತಕದಲ್ಲಿ ಆ ಕಲಂ ಇವತ್ತಿಗೂ ಇದೆ.

ಗೆಳೆಯರೇ, ಇಲ್ಲಿ ಒಂದು ನಿಮಿಷ ನಿಲ್ಲಿ. ಆ ಕಾನೂನು ಮಾನ ಕೊಟ್ಟದ್ದು ಬಟ್ಟೆಗೆ. ‘ಸಮವಸ್ತ್ರದ ಕಾರಣದಿಂದ’ ತಡೆದರೆ ತಪ್ಪು. ಹಾಗಾದರೆ ಅದೇ ಸಮವಸ್ತ್ರ ತೊಟ್ಟ ಕಪ್ಪು ಸಿಪಾಯಿಯನ್ನು ‘ಬಣ್ಣದ ಕಾರಣದಿಂದ’ ತಡೆದರೆ? ಅದು ಆ ಕಾನೂನಿಗೆ ಕಾಣಲಿಲ್ಲ. ಅಂಗಿಯನ್ನು ಕಂಡ ಕಾನೂನಿನ ಕಣ್ಣಿಗೆ ಅಂಗಿ ತೊಟ್ಟ ಮೈ ಕಾಣಲಿಲ್ಲ.

ಇದರ ಫಲ ಏನಾಯಿತು ಎಂಬುದನ್ನು ಎರಡನೇ ಮಹಾಯುದ್ಧ ತೋರಿಸಿಕೊಟ್ಟಿತು. ಕಪ್ಪು ಲೇಖಕ ಲಾಯ್ಡ್ ಬ್ರೌನ್ ಆಗ ಸೈನ್ಯದಲ್ಲಿದ್ದವರು. ಕ್ಯಾನ್ಸಸ್ ರಾಜ್ಯದ ಸಲೈನಾ ಪಟ್ಟಣದಲ್ಲಿ ತಮ್ಮ ಕಪ್ಪು ಜೊತೆಗಾರರೊಂದಿಗೆ ಒಂದು ಊಟದಂಗಡಿಗೆ ಹೋದದ್ದನ್ನು ಅವರು ಮುಂದೆ ನೆನೆದು ಬರೆದಿದ್ದಾರೆ. ಕಪ್ಪು ಜನರಿಗೆ ಇಲ್ಲಿ ಬಡಿಸುವುದಿಲ್ಲ ಅಂತ ಅಂಗಡಿಯವನು ಹೇಳಿಬಿಟ್ಟ. ಇವರು ಬಾಗಿಲಲ್ಲೇ ನಿಂತು ಒಳಗೆ ನೋಡಿದರು. ಅಲ್ಲಿ ಕೂತು ಊಟ ಮಾಡುತ್ತಿದ್ದವರು ಯಾರು? ಜರ್ಮನಿಯ ಯುದ್ಧಕೈದಿಗಳು! ಯಾವ ಹಿಟ್ಲರನ ಸೈನ್ಯದ ವಿರುದ್ಧ ಈ ಕಪ್ಪು ಹುಡುಗರನ್ನು ದೇಶ ಕರೆದಿತ್ತೋ ಆ ಸೈನ್ಯದವರೇ! ಶತ್ರುವಿಗೆ ತಟ್ಟೆ, ತನ್ನ ಸೈನಿಕನಿಗೆ ಬಾಗಿಲು. ಯಾಕೆಂದರೆ ಶತ್ರು ಬಿಳಿಯ.

ಯುದ್ಧ ಮುಗಿಯಿತು. 1946ರ ಫೆಬ್ರವರಿ 12ರಂದು ಐಸಾಕ್ ವುಡರ್ಡ್ ಎಂಬ ಕಪ್ಪು ಸೈನಿಕ, ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ, ಸಮವಸ್ತ್ರದಲ್ಲೇ ಬಸ್ಸಿನಲ್ಲಿ ಊರಿಗೆ ಹೊರಟಿದ್ದ. ದಾರಿಯಲ್ಲಿ ಬಹಿರ್ದೆಸೆಗೆ ಬಸ್ ನಿಲ್ಲಿಸು ಎಂದು ಕೇಳಿದ್ದಕ್ಕೆ ಡ್ರೈವರನ ಜೊತೆ ಮಾತಿಗೆ ಮಾತು ಬೆಳೆಯಿತು. ದಕ್ಷಿಣ ಕೆರೊಲಿನಾದ ಬೇಟ್ಸ್‌ಬರ್ಗ್‌ನಲ್ಲಿ ಡ್ರೈವರ್ ಪೊಲೀಸರನ್ನು ಕರೆದ. ಅಲ್ಲಿನ ಪೊಲೀಸ್ ಮುಖ್ಯಸ್ಥ ಲಾಠಿಯಿಂದ ಹೊಡೆದು ವುಡರ್ಡ್‌ನ ಎರಡೂ ಕಣ್ಣುಗಳನ್ನು ಕಳೆದ. ವಿಚಾರಣೆ ನಡೆಯಿತು. ಬರೀ ಬಿಳಿಯರೇ ತುಂಬಿದ್ದ ಪಂಚಾಯ್ತಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಅವನನ್ನು ನಿರ್ದೋಷಿ ಎಂದು ಬಿಟ್ಟುಬಿಟ್ಟಿತು. ಎದೆಯ ಮೇಲಿದ್ದ ಪದಕದ ಪಟ್ಟಿಗಳು ಆ ಸೈನಿಕನ ಕಣ್ಣನ್ನು ಕಾಯಲಿಲ್ಲ.

ಈ ಘಟನೆ ಅಧ್ಯಕ್ಷ ಟ್ರೂಮನ್‌ನನ್ನು ಅಲುಗಾಡಿಸಿತು. 1948ರ ಜುಲೈ 26ರಂದು ಸೈನ್ಯದೊಳಗೆ ಬಣ್ಣದ ಭೇದ ಕೂಡದು ಎಂಬ ಆಜ್ಞೆ ಹೊರಟಿತು. ಸರಿ, ಸೈನ್ಯದ ಗೇಟಿನ ಒಳಗೆ ಸಮಾನತೆ ಬಂತು ಅನ್ನೋಣ. ಗೇಟು ದಾಟಿ ಹೊರಗೆ ಬಂದರೆ? ಅದೇ ಹೋಟೆಲು, ಅದೇ ಕ್ಷೌರದಂಗಡಿ, ಅದೇ ಬೋರ್ಡು.

*

ಈ ನಡುವೆ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಬಾಗಿಲು ತಿರುಗುಮುರುಗಾದ ಕಥೆಯೂ ಇದೆ. ಇದನ್ನು ನಮ್ಮ ಮೇಷ್ಟರುಗಳು ಮಕ್ಕಳಿಗೆ ಹೇಳಬೇಕು. ಲ್ಯಾಂಕಶೈರ್ ಸೀಮೆಯ ಬ್ಯಾಂಬರ್ ಬ್ರಿಜ್ ಎಂಬ ಹಳ್ಳಿ. ಯುದ್ಧಕಾಲದಲ್ಲಿ ಅಲ್ಲಿ ಅಮೆರಿಕದ ಲಾರಿ ದಳ ಬೀಡುಬಿಟ್ಟಿತ್ತು. ಡ್ರೈವರುಗಳು ಕಪ್ಪು ಜನ, ಅಧಿಕಾರಿಗಳು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಊರಿನ ಸೆರೆಯಂಗಡಿಗಳಲ್ಲಿ ಕಪ್ಪು ಸೈನಿಕರು ಊರವರ ಜೊತೆ ಕೂತು ಕುಡಿಯುವುದನ್ನು ಕಂಡು ಅಮೆರಿಕದ ಅಧಿಕಾರಿಗಳಿಗೆ ಹೊಟ್ಟೆಯಲ್ಲಿ ಸಂಕಟ. ಇಲ್ಲೂ ಬಣ್ಣದ ಗೆರೆ ಎಳೆಯಿರಿ ಎಂದು ಒತ್ತಾಯಿಸಿದರು. ಅಂಗಡಿಯವರು ಗೆರೆ ಎಳೆದರು, ಆದರೆ ಹೇಗೆ? ‘ಕಪ್ಪು ಸೈನಿಕರಿಗೆ ಮಾತ್ರ’ ಎಂದು ಬೋರ್ಡು ಹಾಕಿಬಿಟ್ಟರು ಎಂದು ಆ ಊರವರು ಇವತ್ತಿಗೂ ಹೇಳಿಕೊಳ್ಳುತ್ತಾರೆ.

1943ರ ಜೂನ್ 24ರ ರಾತ್ರಿ ಆ ಊರಿನ ಒಂದು ಸೆರೆಯಂಗಡಿಯ ಬಳಿ ಬಿಳಿಯ ಮಿಲಿಟರಿ ಪೊಲೀಸರು ಕಪ್ಪು ಸೈನಿಕರನ್ನು ಹಿಡಿಯಲು ಬಂದರು. ಊರ ಜನ ಕಪ್ಪು ಸೈನಿಕರ ಪರ ನಿಂತರು. ಜಗಳ ಬೆಳೆದು ಗುಂಡು ಹಾರಿತು. ವಿಲಿಯಂ ಕ್ರಾಸ್‌ಲ್ಯಾಂಡ್ ಎಂಬ ಕಪ್ಪು ಸೈನಿಕ ಸತ್ತ. ದಂಗೆಯ ಆರೋಪ ಹೊತ್ತು ಶಿಕ್ಷೆಗೆ ಒಳಗಾದವರು ಮಾತ್ರ ಕಪ್ಪು ಸೈನಿಕರೇ.

ಈ ಅಂಗಡಿಯವರೂ ಸೈನಿಕರನ್ನು ಹೊರಗಿಟ್ಟರಲ್ಲ, ಇದಕ್ಕೇನು ಹೇಳ್ತೀರಿ ಅಂತ ಯಾರಾದರೂ ಕೇಳಬಹುದು. ನಿಜ. ಆದರೆ ಸಲೈನಾದ ಬಾಗಿಲಿಗೂ ಬ್ಯಾಂಬರ್ ಬ್ರಿಜ್‌ನ ಬಾಗಿಲಿಗೂ ಅಜಗಜಾಂತರ. ಒಂದು ಕಡೆ ಬಲ ಇರುವವನು ಬಲ ಇಲ್ಲದವನನ್ನು ಹೊರಗಿಟ್ಟ. ಇನ್ನೊಂದು ಕಡೆ, ಬಲ ಇರುವವನು ಗೆರೆ ಎಳೆ ಎಂದು ಆಜ್ಞೆ ಮಾಡಿದಾಗ, ಆ ಗೆರೆಯನ್ನೇ ಅವನ ಕಡೆಗೆ ತಿರುಗಿಸಿ ‘ಈಗ ಗೊತ್ತಾಯಿತೇ?’ ಎಂದು ಕೇಳಿದರು. ಅದು ವ್ಯಾಪಾರದ ನೀತಿಯಲ್ಲ, ಪ್ರತಿಭಟನೆ. ಗೆರೆ ಅಳಿಸಿದ ದಿನ ಆ ಬೋರ್ಡಿಗೂ ಕೆಲಸವಿಲ್ಲ.

*

ಈಗ ನಮ್ಮ ಮನೆಯಂಗಳಕ್ಕೆ ಬರೋಣ.

ಪುಣೆಯ ಹತ್ತಿರ ಭೀಮಾ ಕೋರೆಗಾಂವ್‌ನಲ್ಲಿ ಒಂದು ಕಲ್ಲಿನ ಕಂಬ ಇದೆ. 1818ರ ಜನವರಿ 1ರಂದು ಪೇಶ್ವೆಯ ಸೈನ್ಯದ ವಿರುದ್ಧ ಕಂಪನಿಯ ಪರವಾಗಿ ಹೋರಾಡಿ ಸತ್ತವರ ಹೆಸರುಗಳು ಅದರ ಮೇಲಿವೆ. 49 ಹೆಸರುಗಳಲ್ಲಿ 22 ಹೆಸರು ಮಹಾರರವು. ಕಂಪನಿ ಪರಕೀಯರದ್ದು, ಅದರ ಗೆಲುವನ್ನು ಯಾಕೆ ನೆನೆಯಬೇಕು ಅಂತ ಕೆಲವರು ಮೂಗು ಮುರಿಯುತ್ತಾರೆ. ಪೇಶ್ವೆಯ ರಾಜ್ಯದಲ್ಲಿ ಅಸ್ಪೃಶ್ಯ ಸೊಂಟಕ್ಕೆ ಪೊರಕೆ, ಕೊರಳಿಗೆ ಮಡಕೆ ಕಟ್ಟಿಕೊಂಡು ಪುಣೆಯ ಬೀದಿಯಲ್ಲಿ ನಡೆಯಬೇಕಿತ್ತು ಎಂದು ಬಾಬಾಸಾಹೇಬರು 1936ರಲ್ಲಿ ಬರೆದಿದ್ದಾರೆ. ಆ ಮಡಕೆ ಯಾರ ಕೊರಳಲ್ಲಿತ್ತೋ ಅವನಿಗೆ ಸ್ವದೇಶಿ, ಪರದೇಶಿ ಎಂಬ ಪಾಠ ಹೇಳುವವರು ಮೊದಲು ಮಡಕೆಯ ಲೆಕ್ಕ ಕೊಡಲಿ. 1927ರ ಜನವರಿ 1ರಂದು ಬಾಬಾಸಾಹೇಬರು ಆ ಕಂಬದ ಮುಂದೆ ನಿಂತದ್ದು ಕಂಪನಿಗೆ ಕೈಮುಗಿಯಲು ಅಲ್ಲ. ನಮ್ಮವರೂ ಆಯುಧ ಹಿಡಿದವರು ಎಂದು ನೆನಪು ಮಾಡಲು.

ಆಯುಧ ಹಿಡಿಸಿದ ಬ್ರಿಟಿಷರೇ ಅದನ್ನು ಕಿತ್ತುಕೊಂಡರು. 1857ರ ದಂಗೆಯ ನಂತರ ‘ಯೋಧ ಜನಾಂಗ’ ಎಂಬ ಹುಸಿ ಸಿದ್ಧಾಂತ ಹುಟ್ಟಿತು. ಇಂಥ ಜಾತಿ ಶೂರ, ಇಂಥ ಜಾತಿ ಹೇಡಿ ಎಂದು ಪಟ್ಟಿ ತಯಾರಾಯಿತು. ಮನುವಿನ ಪಟ್ಟಿಗೂ ಈ ಪಟ್ಟಿಗೂ ಎಷ್ಟು ದೂರ? ಮೇಲ್ಜಾತಿಯ ಸಿಪಾಯಿ ಮಹಾರ ಹವಾಲ್ದಾರನಿಗೆ ಸಲಾಮು ಹೊಡೆಯುವುದು ಹೇಗೆ ಎಂಬ ತಕರಾರೂ ಇದರ ಹಿಂದೆ ಇತ್ತು. 1892-93ರ ಹೊತ್ತಿಗೆ ಮಹಾರರ ಸೇರ್ಪಡೆ ನಿಂತುಹೋಯಿತು. ಸೈನ್ಯದಿಂದ ನಿವೃತ್ತರಾಗಿದ್ದ ಗೋಪಾಲ ಬಾಬಾ ವಲಂಗ್‌ಕರ್ ಇದರ ವಿರುದ್ಧ ಮನವಿ ತಯಾರಿಸಿದರು. 1910ರಲ್ಲಿ ಶಿವರಾಮ್ ಜಾನಬಾ ಕಾಂಬಳೆ ಸೈನ್ಯ, ಪೊಲೀಸ್ ಕೆಲಸಕ್ಕೆ ನಮ್ಮನ್ನು ಸೇರಿಸಿಕೊಳ್ಳಿ ಎಂದು ಲಂಡನ್ನಿಗೇ ಮನವಿ ಕಳಿಸಿದರು. ಮೊದಲ ಮಹಾಯುದ್ಧದಲ್ಲಿ ಆಳು ಸಾಲದೆ ಬಂದಾಗ, 1917ರಲ್ಲಿ, 111ನೇ ಮಹಾರ್ ಪಡೆಯನ್ನು ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಪಡೆಯನ್ನೂ ಮುಗಿಸಿದರು. ಮತ್ತೆ ಯುದ್ಧ ಬಂತು, ಮತ್ತೆ ಕರೆ ಬಂತು. 1941ರಲ್ಲಿ ಬಾಬಾಸಾಹೇಬರು ರಕ್ಷಣಾ ಮಂಡಲಿಯ ಸದಸ್ಯರಾದರು. ಆ ವರ್ಷದ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ದಳ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಬೇಕಾದಾಗ ಬಾ, ಬೇಡವಾದಾಗ ಹೋಗು. ಹೊಲದ ಜೀತಗಾರನಿಗೂ ಗೌಡ ಹೇಳುತ್ತಿದ್ದದ್ದು ಇದನ್ನೇ ಅಲ್ಲವೇ?

ಇದು ಸೈನ್ಯದ ಬಾಗಿಲಿನ ಕಥೆ. ಅಂಗಡಿಯ ಬಾಗಿಲಿನ ಕಥೆ ಬಾಬಾಸಾಹೇಬರ ಮನೆಯಲ್ಲೇ ಇದೆ.

ಅವರ ತಂದೆ ರಾಮಜಿ ಸಕ್ಪಾಲ್ ಸುಬೇದಾರರು, ಸೈನ್ಯದ ಶಾಲೆಯ ಮುಖ್ಯೋಪಾಧ್ಯಾಯರು. ಬಾಬಾಸಾಹೇಬರು ಹುಟ್ಟಿದ್ದೇ ಮಹೂ ದಂಡಿನಲ್ಲಿ, 1891ರ ಏಪ್ರಿಲ್ 14ರಂದು. ನಿವೃತ್ತಿಯ ನಂತರ ಕುಟುಂಬ ಸಾತಾರಾಕ್ಕೆ ಬಂತು. ಪಿಂಚಣಿ ಇತ್ತು, ಒಗೆದ ಬಟ್ಟೆ ಇತ್ತು, ಓದು ಇತ್ತು. ಏನಿದ್ದರೇನು? ಸಾತಾರಾದ ಕ್ಷೌರಿಕರು ಆ ಮನೆಯ ಮಕ್ಕಳ ತಲೆ ಮುಟ್ಟುತ್ತಿರಲಿಲ್ಲ. ಎಮ್ಮೆಯ ಮೈಗೂದಲು ಬೋಳಿಸುವ ಊರಿನಲ್ಲಿ ಸುಬೇದಾರನ ಮಗನ ತಲೆಗೆ ಕತ್ತರಿ ಸಿಗಲಿಲ್ಲ! ಅಕ್ಕನೇ ತಮ್ಮನ ಕೂದಲು ಕತ್ತರಿಸುತ್ತಿದ್ದಳು.

1901ರ ಸುಮಾರಿಗೆ, ಹತ್ತು ವರ್ಷದ ಆಸುಪಾಸಿನ ಭೀಮ ತನ್ನ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ತಂದೆ ಕೆಲಸ ಮಾಡುತ್ತಿದ್ದ ಊರಿಗೆ ಹೊರಟ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಒಳ್ಳೆಯ ಬಟ್ಟೆ ತೊಟ್ಟ ಮಕ್ಕಳನ್ನು ಕಂಡು ಸ್ಟೇಷನ್ ಮಾಸ್ತರ ಪ್ರೀತಿಯಿಂದಲೇ ವಿಚಾರಿಸಿದ. ‘ನಾವು ಮಹಾರರು’ ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಅವನ ಮುಖ ಬದಲಾಯಿತು. ಬಾಡಿಗೆ ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ, ಆದರೆ ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಷರತ್ತು. ರಾತ್ರಿಯಿಡೀ ಕುಡಿಯಲು ನೀರು ಸಿಗಲಿಲ್ಲ, ಬುತ್ತಿ ಹಾಗೆಯೇ ಉಳಿಯಿತು. ಬಾಡಿಗೆ ಗಾಡಿಯೂ ಒಂದು ವ್ಯಾಪಾರವೇ ತಾನೇ? ಕಾಸು ದುಪ್ಪಟ್ಟು ಬೇಕು, ಕಾಸು ಕೊಟ್ಟವನ ಮೈ ಬೇಡ.

ಮುಂದೆ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ಅಂಬೇಡ್ಕರ್ 1917ರಲ್ಲಿ ಬರೋಡಾ ಮಹಾರಾಜರ ಸೇವೆಗೆ ಸೇರಿದರು. ಮಹಾರಾಜರ ಮಿಲಿಟರಿ ಸೆಕ್ರೆಟರಿ ಎಂಬ ಹುದ್ದೆ. ಆದರೆ ಆ ಊರಿನ ಯಾವ ಹೋಟೆಲೂ ಮಿಲಿಟರಿ ಸೆಕ್ರೆಟರಿಗೆ ಕೋಣೆ ಕೊಡಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಇರಬೇಕಾಯಿತು. ಗುಟ್ಟು ರಟ್ಟಾಗಿ, ಹನ್ನೊಂದನೆಯ ದಿನ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು.

ಈಗ 1911ರ ಅಮೆರಿಕದ ಕಾನೂನನ್ನು ಬರೋಡಾಕ್ಕೆ ತಂದು ಇಟ್ಟು ನೋಡಿ. ಅದರಿಂದ ಏನಾದರೂ ಉಪಯೋಗ ಆಗುತ್ತಿತ್ತೇ? ಸಮವಸ್ತ್ರಕ್ಕೆ ಮರ್ಯಾದೆ ಕೊಡಿ ಎನ್ನುವ ಕಾನೂನಿಗೆ ದೊಣ್ಣೆಯವರು ಏನು ಉತ್ತರ ಕೊಡುತ್ತಿದ್ದರು? ‘ನಾವು ಮಿಲಿಟರಿಯವನನ್ನು ಹೊರಗೆ ಹಾಕಲಿಲ್ಲ ಸ್ವಾಮಿ, ಮಹಾರನನ್ನು ಹಾಕಿದೆವು.’

*

ಈ ದೊಣ್ಣೆಗಳನ್ನು ಕಣ್ಣಾರೆ ಕಂಡ ಮನುಷ್ಯನೇ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷನಾದದ್ದು ಈ ದೇಶದ ಪುಣ್ಯ. 1948ರ ನವೆಂಬರ್ 29ರಂದು, ಟ್ರೂಮನ್ ಆಜ್ಞೆ ಹೊರಟು ನಾಲ್ಕು ತಿಂಗಳಾಗಿತ್ತು, ನಮ್ಮ ಸಂವಿಧಾನ ಸಭೆಯಲ್ಲಿ ಇವತ್ತಿನ 15ನೇ ವಿಧಿಯ ಚರ್ಚೆ ನಡೆಯಿತು. ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು, ಮನರಂಜನೆಯ ಜಾಗ – ಇವುಗಳಿಗೆ ಪ್ರವೇಶಿಸುವಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾವ ನಾಗರಿಕನನ್ನೂ ತಡೆಯಕೂಡದು ಎಂಬ ಮಾತು. ಮದ್ರಾಸಿನಿಂದ ಬಂದಿದ್ದ ದಲಿತ ಸದಸ್ಯ ನಾಗಪ್ಪನವರು ಎದ್ದು, ‘ಅಂಗಡಿ’ ಅಂದರೆ ಏನು, ಬಟ್ಟೆ ಒಗೆಯುವ ಅಂಗಡಿ, ಕ್ಷೌರದಂಗಡಿ ಅದರಲ್ಲಿ ಸೇರುತ್ತದೆಯೇ ಎಂದು ಕೇಳಿದರು. ಕೇರಿಯವನ ಕಣ್ಣಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು! ಬಾಬಾಸಾಹೇಬರು ಕೊಟ್ಟ ಉತ್ತರದ ಸಾರ ಇಷ್ಟು: ಯಾರು ಬಂದು ಕೇಳಿದರೂ ತನ್ನ ಸೇವೆ ಕೊಡಲು ಸಿದ್ಧನಾಗಿ ಕೂತವನ ಜಾಗವೆಲ್ಲ ಅಂಗಡಿಯೇ. ಸಾತಾರಾದ ಕತ್ತರಿ, ಮಸೂರಿನ ಗಾಡಿ, ಬರೋಡಾದ ಕೋಣೆ ಎಲ್ಲವೂ ಆ ಒಂದು ಉತ್ತರದಲ್ಲಿ ಅಡಗಿವೆ ಎಂದು ನಮಗೆ ಅನಿಸುತ್ತದೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಬಾಬಾಸಾಹೇಬರು ಸುಬೇದಾರನ ಮಗ. ಬೇಕಿದ್ದರೆ ‘ನಾವು ದೇಶಕ್ಕಾಗಿ ಕಾದಿದ್ದೇವೆ, ಆದ್ದರಿಂದ ಬಾಗಿಲು ತೆಗೆಯಿರಿ’ ಎಂದು ಅಲ್ಲಿ ಕೇಳಬಹುದಿತ್ತು. ಸಂವಿಧಾನದ ಮಾತು ಹಾಗಿಲ್ಲ. ‘ಯಾವ ನಾಗರಿಕನನ್ನೂ’ ಎಂದಿದೆ. ರಕ್ತ ಕೊಟ್ಟವನಿಗೆ ಚಹಾ ಎಂದರೆ, ರಕ್ತ ಕೊಡದ ಅವನ ತಾಯಿಗೆ ಏನು? ಊರ ಚರಂಡಿ ಬಳಿಯುವ ಅವನ ತಮ್ಮನಿಗೆ ಏನು? ಹೊಲ ಕಳೆ ಕೀಳುವ ಅವನ ತಂಗಿಗೆ ಏನು? ಹಕ್ಕು ಸಮವಸ್ತ್ರದ ಜೇಬಿನಲ್ಲಿದ್ದರೆ, ಸಮವಸ್ತ್ರ ಕಳಚಿದ ದಿನ ಹಕ್ಕೂ ಕಳಚುತ್ತದೆ. ಮನುಷ್ಯನ ಮೈಯಲ್ಲೇ ಇದ್ದರೆ ಯಾರೂ ಬಿಚ್ಚಿಕೊಳ್ಳಲಾರರು.

ಅಮೆರಿಕ ಈ ಪಾಠ ಕಲಿಯಲು ಇನ್ನೂ ಹದಿನಾಲ್ಕು ವರ್ಷ ತೆಗೆದುಕೊಂಡಿತು. 1962ರಲ್ಲಿ ಅಧ್ಯಕ್ಷ ಕೆನೆಡಿ ನೇಮಿಸಿದ ಗೆಸೆಲ್ ಸಮಿತಿ, ಕಪ್ಪು ಸೈನಿಕರಿಗೆ ದಂಡಿನ ಹೊರಗೆ ಮನೆ, ಶಾಲೆ, ಹೋಟೆಲು ಎಲ್ಲೂ ಮಾನವಿಲ್ಲ ಎಂದು 1963ರಲ್ಲಿ ವರದಿ ಮಾಡಿತು. ರೋಗ ಹರಡುವ ಜಾಗಗಳಿಗೆ ಸೈನಿಕರು ಹೋಗಕೂಡದು ಎಂದು ಸೇನಾಧಿಕಾರಿಗಳು ಮೊದಲಿನಿಂದಲೂ ನಿಷೇಧ ಹಾಕುತ್ತಿದ್ದರು. ಭೇದ ಮಾಡುವ ಅಂಗಡಿಗೂ ಅದೇ ನಿಷೇಧ ಹಾಕಬಹುದಲ್ಲ ಎಂದು ಸಮಿತಿ ಹೇಳಿತು. ಆ ಜುಲೈನಲ್ಲಿ ರಕ್ಷಣಾ ಮಂತ್ರಿ ಮ್ಯಾಕ್‌ನಮಾರಾ ಆಜ್ಞೆ ಹೊರಡಿಸಿದರು. ಆದರೆ ಮೇಲಿನವರ ಅನುಮತಿ ಪಡೆದೇ ನಿಷೇಧ ಹಾಕಬೇಕು ಎಂಬ ಬಾಲ ಅದಕ್ಕೆ ಇತ್ತು.

ಬಾಗಿಲು ನಿಜವಾಗಿ ತೆರೆದದ್ದು 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ. ಅದೂ ಸಮವಸ್ತ್ರದ ಮಾತೆತ್ತಲಿಲ್ಲ. ಹೋಟೆಲು, ಊಟದಂಗಡಿ, ನಾಟಕಶಾಲೆಗಳಲ್ಲಿ ಜನಾಂಗ, ಬಣ್ಣ, ಧರ್ಮ, ಮೂಲದೇಶದ ಭೇದ ಕೂಡದು ಎಂದಿತು. ಅಟ್ಲಾಂಟಾದ 216 ಕೋಣೆಗಳ ಹೋಟೆಲಿನ ಮಾಲೀಕ ಕೋರ್ಟಿಗೆ ಓಡಿದ. ಅವನ ವಾದ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ನನಗೆ ಬೇಡದವರಿಗೆ ಕೋಣೆ ಕೊಡು ಎಂದು ಬಲವಂತ ಮಾಡುವುದು ನನ್ನನ್ನು ಗುಲಾಮನನ್ನಾಗಿ ಮಾಡಿದಂತೆ ಅಂದ! ಗುಲಾಮಗಿರಿ ತೊಡೆದುಹಾಕಲು ತಂದ ತಿದ್ದುಪಡಿಯನ್ನು ಗುಲಾಮರ ಮೊಮ್ಮಕ್ಕಳ ವಿರುದ್ಧವೇ ಬೀಸಿದ. 1964ರ ಡಿಸೆಂಬರ್ 14ರಂದು ಅಲ್ಲಿನ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳೂ ಅವನ ವಾದವನ್ನು ತಳ್ಳಿಹಾಕಿದರು.

*

ಇಷ್ಟೆಲ್ಲ ಆದ ಮೇಲೆ ಮೊದಲಿನ ಪ್ರಶ್ನೆಗೆ ನಮ್ಮ ಉತ್ತರ ಏನು?

ನಮ್ಮ 15ನೇ ವಿಧಿಯ ಪಟ್ಟಿಯಲ್ಲಿ ‘ಸೈನಿಕ’ ಎಂಬ ಪದ ಇಲ್ಲ. ಸೈನಿಕನಾಗಿರುವುದು ಹುಟ್ಟಿನಿಂದ ಅಂಟಿದ್ದಲ್ಲ, ಅದೊಂದು ಉದ್ಯೋಗ. ಅವನ ಹಿಂದೆ ಸರ್ಕಾರ ಇದೆ, ಕ್ಯಾಂಟೀನು ಇದೆ, ಆಸ್ಪತ್ರೆ ಇದೆ, ಬಂದೂಕು ಇದೆ. ಅವನನ್ನು ಅಸ್ಪೃಶ್ಯನ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಅಸ್ಪೃಶ್ಯತೆಗೆ ಮಾಡುವ ಅವಮಾನ. ಸಮವಸ್ತ್ರಕ್ಕೆ ಬೇರೆಯೇ ಒಂದು ಪೂಜೆ ಬೇಕು ಎಂಬುದನ್ನು ನಾವು ಒಪ್ಪುವುದಿಲ್ಲ.

ಹಾಗೆಂದು ಅಂಗಡಿಯವನು ಸೈನಿಕನನ್ನು ಓಡಿಸಲಿ ಎನ್ನುತ್ತೇವೆಯೇ? ಖಂಡಿತ ಇಲ್ಲ. ಸೈನ್ಯ ತಪ್ಪು ಮಾಡಿದಾಗ ಪ್ರಶ್ನಿಸಬೇಕು, ಅದು ಪ್ರಜೆಯ ಹಕ್ಕು. ಪ್ರಶ್ನಿಸುವ ಜಾಗ ಬೀದಿ, ಪತ್ರಿಕೆ, ಕೋರ್ಟು, ಶಾಸನಸಭೆ. ಚಾದಂಗಡಿಯ ಬೆಂಚಿನ ಮೇಲೆ ಕೂತ ಹುಡುಗ ಯುದ್ಧಕ್ಕೆ ಸಹಿ ಹಾಕಿದವನಲ್ಲ. ಮಳೆ ನಂಬಿ ಕೆಟ್ಟ ರೈತನ ಮಗನೋ, ಕೂಲಿಯವನ ಮಗನೋ, ಹೊಟ್ಟೆಪಾಡಿಗೆ ಸೇರಿದವನು. ಅವನು ಕುಡಿದು ಗಲಾಟೆ ಮಾಡಿದರೆ ಹೊರಗೆ ಕಳಿಸಿ, ಗಲಾಟೆ ಮಾಡಿದ ಗೌಡನ ಮಗನನ್ನೂ ಕಳಿಸಿ. ನಡತೆಗೆ ತಕ್ಕ ಉತ್ತರ ಕೊಡಿ, ಅಂಗಿ ನೋಡಿ ಅಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸಾರ್ವಜನಿಕರಿಗೆ ಎಂದು ಬಾಗಿಲು ತೆರೆದವನಿಗೆ ‘ನನಗೆ ಬೇಕಾದವರು ಮಾತ್ರ’ ಎನ್ನುವ ಅಧಿಕಾರವನ್ನು ಒಮ್ಮೆ ಕೈಗೆ ಕೊಟ್ಟರೆ, ಅವನು ಅದನ್ನು ಯಾರ ಮೇಲೆ ಬಳಸುತ್ತಾನೆ? ಬಂದೂಕು ಇರುವವನ ಮೇಲೆ ಒಂದು ಸಲ, ಬಂದೂಕು ಇಲ್ಲದವನ ಮೇಲೆ ನೂರು ಸಲ. ಕೂಲಿ ಹೆಚ್ಚಿಗೆ ಕೇಳಿದ್ದಕ್ಕೆ, ದೇವಸ್ಥಾನದ ಮೆಟ್ಟಿಲು ಹತ್ತಿದ್ದಕ್ಕೆ, ಊರವರೆಲ್ಲ ಸೇರಿ ಕೇರಿಗೆ ಬಹಿಷ್ಕಾರ ಹಾಕುವಾಗ ಮೊದಲು ಮುಚ್ಚುವುದು ಯಾವ ಬಾಗಿಲು? ದಿನಸಿ ಅಂಗಡಿಯದು, ಹಿಟ್ಟಿನ ಗಿರಣಿಯದು, ಕ್ಷೌರದಂಗಡಿಯದು. ಅಂಗಡಿಯವನ ‘ಸ್ವಾತಂತ್ರ್ಯ’ ಅಂದರೆ ಏನೆಂದು ಹಸಿದ ಹೊಟ್ಟೆಯಲ್ಲಿ ಕಲಿತವರು ನಾವು.

ಬಾಗಿಲಿನ ಈ ನೀತಿ ಸೈನ್ಯಕ್ಕೂ ಅನ್ವಯಿಸಬೇಕು, ಅನ್ವಯಿಸಿದೆ ಕೂಡ. ಸೇನೆಯ ಕಲ್ಯಾಣ ಸಂಸ್ಥೆ ದಿಲ್ಲಿಯಲ್ಲಿ ನಡೆಸುತ್ತಿದ್ದ ವೈದ್ಯಕೀಯ ಕಾಲೇಜು, ಸೈನಿಕರ ಮಕ್ಕಳಿಗೆ ಮಾತ್ರ ಸೀಟು ಎಂದು ಇಟ್ಟುಕೊಂಡಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದು ಕೂಡದು ಎಂದಿತು. ಆ ತೀರ್ಪಿನಲ್ಲಿ ನ್ಯಾಯಾಲಯ ನೆನೆದದ್ದು ‘ಅಂಗಡಿ’ ಎಂಬ ಪದಕ್ಕೆ 1948ರಲ್ಲಿ ಬಾಬಾಸಾಹೇಬರು ಕೊಟ್ಟ ಅದೇ ವಿಶಾಲ ಅರ್ಥವನ್ನು. ಸೈನಿಕನ ಮುಂದೆ ಬಾಗಿಲು ಮುಚ್ಚಬಾರದು ಎಂದರೆ, ಸೈನಿಕನ ಹೆಸರಿನಲ್ಲಿ ಉಳಿದವರ ಮುಂದೆಯೂ ಮುಚ್ಚಬಾರದು.

ಕಾನೂನು ನಮ್ಮ ಕೈಯಲ್ಲಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಗೆ 1976ರಲ್ಲಿ ತಿದ್ದುಪಡಿಯಾಗಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಬಂತು. ಅದರ 4ನೇ ಕಲಂ ಅಸ್ಪೃಶ್ಯತೆಯ ಕಾರಣಕ್ಕೆ ಅಂಗಡಿ, ಹೋಟೆಲಿಗೆ ಬಿಡದಿರುವುದನ್ನೂ, ಹೋಟೆಲಿನ ಲೋಟ ತಟ್ಟೆ ಮುಟ್ಟಬೇಡ ಎನ್ನುವುದನ್ನೂ ಅಪರಾಧ ಎನ್ನುತ್ತದೆ. 6ನೇ ಕಲಂ ಅದೇ ಕಾರಣಕ್ಕೆ ಸಾಮಾನು ಮಾರದಿರುವುದನ್ನೂ ಸೇವೆ ಕೊಡದಿರುವುದನ್ನೂ ಅಪರಾಧ ಎನ್ನುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ಈ ಕಲಂಗಳ ಸಂಖ್ಯೆ ಪ್ರತಿ ಕೇರಿಯ ಓದಿದ ಹುಡುಗ ಹುಡುಗಿಯರ ಬಾಯಲ್ಲಿ ಮಗ್ಗಿಯ ಹಾಗೆ ಇರಬೇಕು.

ಕೊನೆಗೆ ನಮ್ಮ ಮೇಷ್ಟರುಗಳಿಗೆ ಒಂದು ಮಾತು. ಆಗಸ್ಟ್ 15ಕ್ಕೆ ನೀವು ಊರಿನ ಮಾಜಿ ಸೈನಿಕರನ್ನು ಶಾಲೆಗೆ ಕರೆಸುತ್ತೀರಿ, ಹಾರ ಹಾಕುತ್ತೀರಿ, ಮಕ್ಕಳ ಕೈಯಲ್ಲಿ ಸೆಲ್ಯೂಟ್ ಮಾಡಿಸುತ್ತೀರಿ. ಮಾಡಿಸಿ, ಬೇಡ ಅನ್ನುವುದಿಲ್ಲ. ಆ ಸೈನಿಕ ಕೇರಿಯವನಾಗಿದ್ದರೆ, ಸಭೆ ಮುಗಿದ ಮೇಲೆ ಅವನನ್ನೂ, ಜೊತೆಗೆ ಸಮವಸ್ತ್ರ ಎಂದೂ ತೊಡದ ಅವನ ನೆರೆಹೊರೆಯವರನ್ನೂ ಕರೆದುಕೊಂಡು ಊರ ಚಾದಂಗಡಿಗೆ ಹೋಗಿ. ಎಲ್ಲರಿಗೂ ಒಳಗೇ ಬೆಂಚು ಸಿಗುತ್ತದೆಯೋ, ಎಲ್ಲರಿಗೂ ಒಂದೇ ಥರದ ಲೋಟ ಬರುತ್ತದೆಯೋ ನೋಡಿ. ಬಂದರೆ ಸಂತೋಷ. ಬರದಿದ್ದರೆ ಅಲ್ಲಿಂದ ಎದ್ದು ನೇರ ಪೊಲೀಸ್ ಠಾಣೆಗೆ ನಡೆಯಿರಿ, ಮಕ್ಕಳಿಗೂ ಆ ದಾರಿ ಗೊತ್ತಾಗಲಿ.